ಮಂಗಳವಾರ, ಶುಕ್ರವಾರದ ಉಸಿರು

ಅವರ ಹುಬ್ಬುಗಳು ಕೆಂಪಗಿದ್ದವು. ತಲೆ ಪೂರ್ತಿ ನರೆತಿದ್ದರೂ ಹುಬ್ಬಿನಲ್ಲಿ, ಕಿವಿಯ ರೋಮದಲ್ಲಿ ಸಂಡೂರಿನ ಅದಿರಿನ ಧೂಳು ಕೂತು ತೊಳೆದರೂ ಬಿಡದಂತಾಗಿತ್ತು. "ಮಾರಿ ತೊಳಿಯೋದು ನನ್ನ ಕೆಲಸ, ಕೆಂಪಾಗೋದು ಅದರ ಕೆಲಸ" ಎಂದು ನಗುತ್ತಿದ್ದರು. ನಾನು ಅವರನ್ನು ತಾತ ಎನ್ನುತ್ತಿದ್ದೆ.

ಸಂಡೂರಿನ ಗುಡ್ಡದ ಕಾಡಿನಲ್ಲಿ ನಮ್ಮ ಸಂಸ್ಥೆ ನಿಲ್ಲಿಸಿದ್ದ ಕಬ್ಬಿಣದ ಗೋಪುರಕ್ಕೆ ತಾತ ಕಾವಲುಗಾರರು. ಮತ್ತಿ, ದಿಂಡಿಗ, ಕುರುಚಲು ಎಲ್ಲ ಬೆರೆತ ಆ ಕಾಡು ಗಾಳಿಯಿಂದ ಎಷ್ಟು ಇಂಗಾಲ ಎಳೆದುಕೊಳ್ಳುತ್ತದೆ, ಎಷ್ಟು ಬಿಡುತ್ತದೆ ಎಂದು ಗೋಪುರದ ತುದಿಯ ಯಂತ್ರಗಳು ಅಳೆಯುತ್ತಿದ್ದವು. ಕೆಳಗೆ ನೆಲದಲ್ಲಿ ಅಗಲವಾದ ಆರು ಬಳೆಗಳನ್ನು ಹೂತಿದ್ದೆವು. ಗಂಟೆಗೊಮ್ಮೆ ಅವುಗಳ ಮೇಲೆ ಮುಚ್ಚಳ ತಾನೇ ಮುಚ್ಚಿಕೊಂಡು, ಮಣ್ಣು ಬಿಡುವ ಇಂಗಾಲವನ್ನು ಲೆಕ್ಕ ಹಿಡಿಯುತ್ತಿತ್ತು. ನಾನು ಪ್ರತಿ ಸೋಮವಾರ ಹೊಸಪೇಟೆಯಿಂದ ಬಸ್ಸು ಹತ್ತಿ ಹೋಗಿ ಆ ಅಂಕಿಗಳನ್ನು ತರಬೇಕು.

ಗುಡ್ಡ ಹತ್ತುವಾಗ ನಾನು ಏದುಸಿರು ಬಿಟ್ಟರೆ ತಾತ ಮೇಲಿಂದಲೇ ಕೂಗುತ್ತಿದ್ದರು: "ಹೊಸಪೇಟಿ ಕಾಲು ಡಾಂಬರಿಗೇ ಸರಿ ನೋಡ್ರಿ!" ಆಮೇಲೆ ಕೊಡದ ನೀರು ಕೊಟ್ಟು, ನಾನು ಕುಡಿದು ಮುಗಿಸುವುದರೊಳಗೆ ಕೇಳುತ್ತಿದ್ದರು: "ಈ ವಾರ ಎಷ್ಟು ನುಂಗಿತ್ರೀ ನಮ್ಮ ಅಡವಿ?" ಹೆಚ್ಚು ನುಂಗಿದೆ ಎಂದರೆ ತಮ್ಮ ಮೊಮ್ಮಗ ಎರಡು ರೊಟ್ಟಿ ಹೆಚ್ಚು ತಿಂದನೆಂಬಂತೆ ಖುಷಿಪಡುತ್ತಿದ್ದರು. ಗೋಪುರ ಹತ್ತುವ ಮುಂಚೆ ಚಪ್ಪಲಿ ಬಿಡುತ್ತಿದ್ದರು. ಕಾಲಿಗೆ ಹಿಡಿತ ಸಿಗಲೆಂದು ಬಿಡುತ್ತಾರೆ ಎಂದು ನಾನು ತಿಳಿದಿದ್ದೆ.

ಮೊದಲ ವರ್ಷದ ಅಂಕಿಗಳನ್ನು ಸಾಲಾಗಿ ಹಾಕಿ ನೋಡಿದಾಗ ನನ್ನ ತಲೆ ಮೊಸರುಗಡಿಗೆಯಾಯಿತು. ಮಣ್ಣಿನ ಉಸಿರು ವಾರಕ್ಕೆರಡು ದಿನ ಬೆಳಗ್ಗೆ ಇದ್ದಕ್ಕಿದ್ದಂತೆ ಏರುತ್ತಿತ್ತು. ಮಳೆ ಬಿದ್ದರೆ ಏರುವುದು ಗೊತ್ತು, ಆದರೆ ಸುಡು ಬೇಸಿಗೆಯಲ್ಲೂ ಏರಿತ್ತು. ಅದೂ ಮಂಗಳವಾರ, ಶುಕ್ರವಾರ ಮಾತ್ರ. ಗಣಿ ಲಾರಿಗಳಿರಬಹುದೇ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆಯ ಗಾಳಿಯೇ, ಗೆದ್ದಲೇ? ಗೆದ್ದಲಿಗೆ ವಾರ ಎಲ್ಲಿ ಗೊತ್ತು? ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದರೆ ಅವಳು, "ನಿಮ್ಮ ಮಣ್ಣು ವಾರ ಹಿಡದೈತೇನೋ, ಒಂದು ಕಾಯಿ ಒಡಿ" ಎಂದು ನಕ್ಕಳು. ನನಗೆ ಸಿಟ್ಟು ಬಂತು.

ಕೊನೆಗೆ ಒಂದು ಶುಕ್ರವಾರ ಮೊದಲ ಬಸ್ಸಿಗೇ ಹೋದೆ. ತಾತ ಮಿಂದು ವಿಭೂತಿ ಹಚ್ಚಿಕೊಂಡು, ಬರಿಗಾಲಲ್ಲಿ, ಬಕೆಟ್ಟಿನಿಂದ ಸೆಗಣಿ ನೀರನ್ನು ಆರೂ ಬಳೆಗಳ ಒಳಗೂ ಹೊರಗೂ ಚಿಮುಕಿಸುತ್ತಿದ್ದರು. ಮನೆಯ ಅಂಗಳಕ್ಕೆ ಹೆಂಗಸರು ಚಿಮುಕಿಸುವಷ್ಟೇ ಅಚ್ಚುಕಟ್ಟಾಗಿ.

"ತಾತಾ, ಇದೇನು ಮಾಡಾಕ್ಹತ್ತೀರಿ!"

"ನೀವ ಹೇಳಿದ್ರೆಲ್ಲಮ್ಮಾ, ಈ ಯಂತ್ರ ಭೂಮಿತಾಯಿ ಉಸುರು ಎಣಿಸ್ತೈತಿ ಅಂತ. ಉಸುರಾಡೋ ತಾಯಿ ಮುಂದ ಹೊಲಸು ಬಿಡಾಕ ಆಕ್ಕೈತೇನ್ರಿ? ಮಂಗಳವಾರ, ಶುಕ್ರವಾರ ತಪ್ಪಿಸಿಲ್ಲ ನಾ."

ಸೆಗಣಿ ನೀರು ಬಿದ್ದರೆ ಮಣ್ಣಿನೊಳಗಿನ ಹುಳುಹುಪ್ಪಡಿಗೆಲ್ಲ ಹಬ್ಬ, ಯಂತ್ರ ಅದನ್ನೇ ಎಣಿಸುತ್ತದೆ ಎಂದು ವಿವರಿಸಿದೆ. ಒಂದು ವರ್ಷದ ಮಣ್ಣಿನ ಅಂಕಿ ನೀರುಪಾಲು ಎಂದೂ ಹೇಳಿಬಿಟ್ಟೆ. ತಾತ ಬಕೆಟ್ಟು ಇಟ್ಟು ಅಲ್ಲೇ ಕುಕ್ಕರಿಸಿದರು. "ಯಾರೂ ಮುಟ್ಟಬ್ಯಾಡ ಅಂದಿರಲಿಲ್ರೀ" ಎಂದರು, ಅಷ್ಟೇ.

ಅದು ನಿಜ. ಬಳೆಗಳ ಸುತ್ತ ನೆಲ ಮುಟ್ಟಬಾರದು ಎಂದು ಕಾವಲುಗಾರರಿಗೆ ತಿಳಿಹೇಳುವ ಕೆಲಸ ನನ್ನದಾಗಿತ್ತು. ನಾನು ಹೇಳಿರಲಿಲ್ಲ. ಮರೆತಿದ್ದೆನೋ, ಇಷ್ಟು ಸಣ್ಣದನ್ನೇನು ಹೇಳುವುದು ಎಂದುಕೊಂಡಿದ್ದೆನೋ, ಇಂದಿಗೂ ಗೊತ್ತಿಲ್ಲ.

ಮುಂದಿನ ತಿಂಗಳು ನಮ್ಮ ಸಂಸ್ಥೆಯ ದೊಡ್ಡ ಮೇಡಂ ತಪಾಸಣೆಗೆ ಬಂದರು. ಅಂಕಿ ಯಾಕೆ ಹೀಗೆ ಎಂದು ಕೇಳಿದರು. ಮುಚ್ಚಳದ ಯಂತ್ರ ಕೆಟ್ಟಿದೆ ಎಂದೆ. ತಾತನ ಕೆಲಸ ಉಳಿಸಲು ಹಾಗೆಂದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನನ್ನ ಕೆಲಸವೂ ಅದರಲ್ಲೇ ಉಳಿಯುತ್ತಿತ್ತು.

ನೀರಿನ ಕೊಡ ಹಿಡಿದು ನಿಂತಿದ್ದ ತಾತ ಮುಂದೆ ಬಂದರು. "ಯಂತ್ರದ ಮ್ಯಾಲೆ ಹಾಕಬ್ಯಾಡ್ರೀ. ಅದು ಖರೇನ ಹೇಳೇತಿ. ಸೆಗಣಿ ನೀರು ಹಾಕಿದಾವ ನಾನು."

ಮೇಡಂ ನನ್ನತ್ತ ತಿರುಗಿದರು. "ನೆಲ ಮುಟ್ಟಬಾರದು ಅಂತ ನೀನು ಇವರಿಗೆ ಹೇಳಿರಲಿಲ್ಲವಾ?"

ನಾನು ಏನಾದರೂ ಅನ್ನುವ ಮುಂಚೆ ತಾತನೇ ಅಂದರು: "ಹೇಳಿದ್ರೀ ಮೇಡಂ. ನಾನ ಕೇಳಲಿಲ್ಲ."

ನಾನು ಅದನ್ನು ತಿದ್ದಲಿಲ್ಲ. ಒಂದು ಯಂತ್ರದ ಮೇಲೆ ಸುಳ್ಳು ಬೀಳಲು ಬಿಡದ ಮನುಷ್ಯ ತಮ್ಮ ಮೇಲೆ ಸುಳ್ಳನ್ನು ಯಾಕೆ ಎಳೆದುಕೊಂಡರು ಎಂಬುದು ನನಗೆ ಆಗ ಅರ್ಥವಾಗಲಿಲ್ಲ, ಈಗಲೂ ಪೂರ್ತಿ ಆಗಿಲ್ಲ. ತಿಂಗಳ ಕೊನೆಗೆ ಬೇರೆ ಕಾವಲುಗಾರ ಬಂದ. ನನಗೆ ಮರುವರ್ಷ ಬಡ್ತಿ ಸಿಕ್ಕಿತು.

ಎರಡು ವರ್ಷದ ಮೇಲೆ ಅವರನ್ನು ಹುಡುಕಿಕೊಂಡು ಕಂಪ್ಲಿಗೆ ಹೋದೆ. ಮಗಳ ಮನೆಯಲ್ಲಿದ್ದುಕೊಂಡು ಯಾರದೋ ಬಾಳೆತೋಟ ಕಾಯುತ್ತಿದ್ದರು. ಸೊರಗಿದ್ದರು. "ಬರ್ರಿ ಬರ್ರಿ, ಕುಂದ್ರಿ" ಎಂದು ಹೆಗಲ ಟವೆಲ್ಲನ್ನೇ ಹಾಸಿದರು. ಇಲ್ಲಿ ಗಿಡಗಳ ಉಸಿರು ಎಣಿಸುವವರಿಲ್ಲ, ಗೊನೆ ಎಣಿಸುತ್ತಾರೆ ಎಂದು ತಮಾಷೆ ಮಾಡಿದರು. ನಾನು ನಗದೆ ಕೇಳಿದೆ, ಅವತ್ತು ನನಗಾಗಿ ಸುಳ್ಳು ಯಾಕೆ ಹೇಳಿದಿರಿ ಎಂದು.

"ನೀವು ಭಾಳ ಹೆದರಿದ್ರಿ. ಈಗ ಸುಧಾರಿಸಿಕೊಳ್ಳಲಿ, ಆಮ್ಯಾಲೆ ತಾನ ಹೋಗಿ ಮೇಡಂಗ ಖರೇ ಹೇಳ್ತಾಳ ಅಂದ್ಕೊಂಡೆ." ಆಮೇಲೆ ನನ್ನ ಮುಖ ನೋಡಿ ಕೇಳಿದರು, "ಹೇಳಿದ್ರ್ಯಾ?"

"ಹೂಂ ತಾತಾ, ಹೇಳಿದೆ."

ಅವರ ಮುಖ ಅರಳಿದ್ದನ್ನು ಕಂಡು ನನಗೆ ಅಳು ಬಂತು. ಅವರು ಅದನ್ನು ಬೇರೆಯೇ ತಿಳಿದು, "ಇರ್ಲಿ ಬಿಡ್ರಿ, ಆತಲ್ಲ" ಎಂದು ಸಮಾಧಾನ ಮಾಡಿದರು.

ಈ ವರ್ಷ ಅವರು ತೀರಿಕೊಂಡರು. ದಿನದ ಕಾರ್ಯಕ್ಕೆ ಹೋಗಿದ್ದೆ. ಮಗಳು ನನ್ನ ಕೈ ಹಿಡಿದು ಬಂಧುಗಳ ನಡುವೆ ಕರೆದೊಯ್ದು ಹೇಳಿದಳು: "ಅಪ್ಪ ಹೇಳ್ತಿದ್ನಲ್ಲ, ದೊಡ್ಡೋರ ಮುಂದ ಹೋಗಿ ತನ್ನ ತಪ್ಪು ತಾನ ಒಪ್ಪಿಕೊಂಡಾಕಿ, ಇವರ ನೋಡ್ರಿ." ಎಲ್ಲರೂ ಎದ್ದು ನನಗೆ ಜಾಗ ಬಿಟ್ಟರು. ನಾನು ಆ ಜಾಗದಲ್ಲಿ ಕೂತು ಉಂಡೆ. ಮೇಡಂಗೆ ಇನ್ನೂ ಹೇಳಿಲ್ಲ.