ಜಹಾರಿಯ ಸಸಿಪೆಟ್ಟಿಗೆಗೆ ಹೊದಿಸಿದ ಕಂಬಳಿ

ಜಹಾರಿ ಸಾಯುವ ಹಿಂದಿನ ದಿನ ಸ್ಟಾನಾ ಗಂಡನಿಗೆ ನೆಟ್ಟಗೆ ಊಟವನ್ನೂ ಬಡಿಸಲಿಲ್ಲ. ಬೀನ್ಸ್ ಕಾಳಿನ ಸಾರನ್ನು ಮೇಜಿನ ಮೇಲೆ ಕುಕ್ಕಿ ಆಚೆ ಮುಖ ಮಾಡಿ ನಿಂತಳು. ಕಾರಣ, ಮನೆಮುಂದಿನ ಆ ಗಾಜಿನ ಪೆಟ್ಟಿಗೆ.

ಫೆಬ್ರವರಿಯಲ್ಲಿ ಅವನು ರಸ್ತೆಬದಿಯ ಬೇಲಿಗೆ ಒತ್ತಿ ಮೊಣಕಾಲುದ್ದ ಗುಂಡಿ ತೋಡಿದ್ದ. ಹಸಿ ಕುದುರೆ ಲದ್ದಿ ತುಂಬಿ ತುಳಿದ. ಲದ್ದಿ ಕೊಳೆಯುತ್ತ ಕಾವು ಕೊಡುತ್ತದೆ. ಅದರ ಮೇಲೆ ಗೇಣುದ್ದ ಮಣ್ಣು. ಸುತ್ತ ಹಲಗೆ, ಹಿಂದೆ ಎತ್ತರ, ದಕ್ಷಿಣಕ್ಕೆ ತಗ್ಗು. ಮುಚ್ಚಳಕ್ಕೆ ನಾಲ್ಕು ಹಳೆ ಕಿಟಕಿ. ಬಲ್ಗೇರಿಯದ ಈ ಬಯಲಿನಲ್ಲಿ ಮೆಣಸಿನಕಾಯಿ ಸಸಿಯನ್ನು ಹಿಮದಿಂದ ಕಾಯುವುದು ಹೀಗೆಯೇ. ಹಿಂದೆ ಪ್ರತಿ ಹಿತ್ತಲಲ್ಲೂ ಒಂದಿತ್ತು. ಈಗ ಬೀದಿಯಲ್ಲಿ ಜಹಾರಿ ಒಬ್ಬನೇ ಮಾಡುತ್ತಿದ್ದ. ಅದಕ್ಕೇ ನಾಲ್ಕು ಮನೆಯವರು ತಂತಮ್ಮ ಮನೆಯ ಬೀಜ ತಂದು ಅವನ ಕೈಗೆ ಹಾಕಿದ್ದರು.

ಆದರೆ ಪಕ್ಕದ ಮನೆಯ ಪೆನ್ಯೋ ಎರಡು ಅಂತಸ್ತು ಎಬ್ಬಿಸಿದ ಮೇಲೆ ಇವರ ಹಿತ್ತಲಿಗೆ ಬಿಸಿಲಿಲ್ಲ. ಪೆನ್ಯೋ ಹೊಸ ಮನೆಗೆ ಪ್ಲಾಸ್ಟಿಕ್ ಕಿಟಕಿ ಹಾಕಿಸಿ ಹಳೆಯವನ್ನು ಎಸೆದಿದ್ದ. ಜಹಾರಿ ಅವನ್ನೇ ಹೊತ್ತು ತಂದಿದ್ದ. ಸಾಯುವ ಹಿಂದಿನ ಆ ದಿನ ಪೆನ್ಯೋ ಬೇಲಿಯ ಹತ್ತಿರ ನಿಂತು, ಬೀದಿಗೆಲ್ಲ ಕೇಳುವಂತೆ ನಕ್ಕ.

"ಲೋ ಜಹಾರಿ, ಆ ಕೊನೇದು ನಮ್ಮ ಕಕ್ಕಸಿನ ಕಿಟಕಿ ಕಣೋ!"

"ಗೊತ್ತು. ಅದರ ಕೆಳಗೆ ಬೆಳೆದದ್ದನ್ನ ನಿನಗೇ ಕೊಡ್ತೀನಿ, ಹಳೇ ಪರಿಚಯ ಅಲ್ವಾ."

ಬೀದಿ ನಕ್ಕಿತು. ಸ್ಟಾನಾ ನಗಲಿಲ್ಲ. ಒಳಗೆ ಬಂದ ಮೇಲೆ ಅಂದಳು, "ನನ್ನ ಮಾನ ಕಳೀಬೇಕು ಅಂತಲೇ ಹುಟ್ಟಿದೀಯ ನೀನು. ನಾಳೆ ಅದನ್ನ ಕಿತ್ತುಹಾಕದಿದ್ರೆ ನಾನೇ ಕಲ್ಲು ಎತ್ತಿಹಾಕ್ತೀನಿ."

"ಹಿತ್ತಲಿಗೆ ಬಿಸಿಲು ನೀನು ಹೊತ್ಕೊಂಡು ಬರ್ತೀಯಾ?"

"ಮಾತಾಡಿಸಬೇಡ ನನ್ನ."

ಅವನು ಮಾತಾಡಿಸಲಿಲ್ಲ. ಮರುದಿನ ಬೆಳಗ್ಗೆ ಸೌದೆ ತರಲು ಹೋದವನು ಕೊಟ್ಟಿಗೆಯ ಬಾಗಿಲಲ್ಲಿ ಕುಸಿದ. ಹೃದಯ ನಿಂತಿದೆ ಅಂದರು ಡಾಕ್ಟರು.

ನಾದಿನಿ ಯೊರ್ದಾನಾ ಓಡಿಬಂದು ಮೊದಲು ಕನ್ನಡಿಗಳಿಗೆ ಬಟ್ಟೆ ಹಾಕಿದಳು. ಮನೆಯಲ್ಲಿ ಹೆಣವಿರುವಾಗ ಮುಖ ಕಾಣುವಂಥದ್ದು ಯಾವುದೂ ತೆರೆದಿರಬಾರದು, ಇನ್ನೊಂದು ಸಾವನ್ನು ಕರೆಯುತ್ತದೆ. ಸ್ಟಾನಾ ನೋಡುತ್ತ ಕೂತಿದ್ದಳು. ಆಮೇಲೆ ಎದ್ದು ಬಟ್ಟೆಯ ಸಂದೂಕದಿಂದ ದಪ್ಪ ಕಪ್ಪು ಕಂಬಳಿ ತೆಗೆದುಕೊಂಡು ಹೊರಗೆ ನಡೆದಳು. ಸಸಿಯ ಮೇಲಿನ ಕಿಟಕಿಗಳನ್ನು ಮುಚ್ಚಿ, ಕಂಬಳಿ ಹೊದಿಸಿ, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟಳು.

"ಅದನ್ಯಾಕೆ ಮುಚ್ತೀಯ ಅತ್ತಿಗೆ?"

"ಅದೂ ಗಾಜೇ ಅಲ್ವಾ. ಮುಖ ಕಾಣತ್ತೆ."

ಯೊರ್ದಾನಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ಇಷ್ಟು ದುಃಖದಲ್ಲೂ ನಿನಗೆ ಅದು ಹೊಳೀತಲ್ಲ ತಾಯಿ!"

ಹೊಳೆದದ್ದು ಅದಲ್ಲ. ಪಟ್ಟಣದಿಂದ ಸ್ಟಾನಾಳ ಅಣ್ಣ ಬರುವವನಿದ್ದ, ಅವನ ಹೆಂಡತಿ ಬರುವವಳಿದ್ದಳು. ಅವರ ಕಣ್ಣಿಗೆ ಕಕ್ಕಸಿನ ಕಿಟಕಿ ಬೀಳುತ್ತದೆ ಅಂತ ಅವಳು ಎದ್ದು ಹೋಗಿದ್ದಳು. ಗಂಡನ ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

ಮಣ್ಣು ಮಾಡಿ ಬಂದರು. ಕನ್ನಡಿಗಳ ಬಟ್ಟೆ ತೆಗೆದರು. ಸತ್ತವರ ಹೆಸರಿನ ಒಂಬತ್ತನೇ ದಿನದ ಊಟಕ್ಕೆ ಅದೇ ಜನ ಮತ್ತೆ ಬರುವುದಿತ್ತು. ಸ್ಟಾನಾ ಕಂಬಳಿ ತೆಗೆಯಲಿಲ್ಲ. ಆ ವಾರ ಬಿಸಿಲು ಜೋರಾಗಿತ್ತು. ಸಸಿಗೆ ಗಾಳಿ ಬೇಕು, ಬೆಳಕು ಬೇಕು ಅಂತ ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಮೂವತ್ತು ವರ್ಷ ನೋಡಿದ್ದಳು.

ಒಂಬತ್ತನೇ ದಿನದ ಊಟ ಮುಗಿದು ಅಣ್ಣ ಹೊರಟ ಮೇಲೆ ಕಂಬಳಿ ಎತ್ತಿದಳು. ಒಂದು ಸಸಿಯೂ ನಿಂತಿರಲಿಲ್ಲ. ಬಿಳಿ ನೂಲಿನ ಹಾಗೆ ಉದ್ದಕ್ಕೆ ಬೆಳೆದು ಮಲಗಿದ್ದವು, ಮೇಲೆ ಬೂದು ಬೂಸಲು.

ನಾಲ್ಕು ಮನೆಯವರೂ ಬಂದು ನೋಡಿದರು. ಯಾರೂ ಬೈಯಲಿಲ್ಲ. ಶಾಸ್ತ್ರ ಬಿಡಕ್ಕಾಗತ್ತಾ ಅಂದರು. ಬೀದಿಯ ಕೊನೆಯ ಮನೆಯ ವೆಲಿಕಜ್ಜಿ ಮಾತ್ರ ಬೂಸಲು ಹಿಡಿದ ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. ಅವಳದು ಟಗರಿನ ಕೊಂಬಿನ ಹಾಗೆ ತಿರುಚಿದ ಮೆಣಸು. ಅವಳ ತಾಯಿ ಮದುವೆಯಾಗಿ ಬರುವಾಗ ತಲೆವಸ್ತ್ರದ ಗಂಟಿನಲ್ಲಿ ತಂದ ಬೀಜ. ಹೋದ ವರ್ಷ ಆಲಿಕಲ್ಲು ಬಿದ್ದು ಕೈಗೆ ಸಿಕ್ಕಿದ್ದು ಒಂದು ಹಿಡಿ. ಅಷ್ಟನ್ನೂ ಜಹಾರಿಗೆ ಕೊಟ್ಟಿದ್ದಳು.

"ಹೋಗಲಿ ಬಿಡಮ್ಮ," ಅಂದಳು ಅಜ್ಜಿ. "ಅವನಿಗಿಂತ ಹೆಚ್ಚಾ? ನೀನು ಮಾಡಬೇಕಾದ್ದನ್ನ ಮಾಡಿದೆ." ಸ್ಟಾನಾಳ ಕೆನ್ನೆ ಸವರಿ ಹೋದಳು.

ಆ ಕೈ ಸವರಿದ್ದನ್ನು ಸ್ಟಾನಾಗೆ ತಾಳಲಾಗಲಿಲ್ಲ. ಅಂಗಡಿಯಲ್ಲಿ, ಬಾವಿಯ ಹತ್ತಿರ, ಎಲ್ಲ ಕಡೆ ಅದೇ ಮಾತು, ಸ್ಟಾನಾ ಎಷ್ಟು ನೇಮದವಳು ಅಂತ. ಅವಳು ತಲೆ ತಗ್ಗಿಸುತ್ತಿದ್ದಳು. ಜನ ಅದನ್ನೂ ದುಃಖ ಅಂದುಕೊಂಡರು.

ನಲವತ್ತನೇ ದಿನ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನು ಲೋಟಗಳಲ್ಲಿ ಹಂಚುತ್ತ ಬಂದು ವೆಲಿಕಜ್ಜಿಯ ಬಾಗಿಲಲ್ಲಿ ನಿಂತಳು. ಅಜ್ಜಿ ಲೋಟ ತೆಗೆದುಕೊಂಡು "ದೇವರು ಅವನನ್ನ ಕ್ಷಮಿಸಲಿ" ಅಂದಳು.

"ಅಜ್ಜಿ, ನಾನು ಶಾಸ್ತ್ರಕ್ಕೆ ಮುಚ್ಚಲಿಲ್ಲ."

"ಮತ್ತೆ?"

"ನಾಚಿಕೆಗೆ. ಪೆನ್ಯೋನ ಕಕ್ಕಸಿನ ಕಿಟಕಿ ನಮ್ಮಣ್ಣನಿಗೆ ಕಾಣಬಾರದು ಅಂತ."

"ಗಂಡ ಒಳಗೆ ಮಲಗಿದ್ದಾಗ?"

"ಹೂಂ."

"ಆಮೇಲೂ ತೆಗೀಲಿಲ್ಲ."

"ಇಲ್ಲ."

ಅಜ್ಜಿ ಲೋಟವನ್ನು ತಿರುಗಿ ಸ್ಟಾನಾಳ ಕೈಗೇ ಇಟ್ಟಳು. "ಅವನಿಗೆ ಚರ್ಚಿನಲ್ಲಿ ನಾನೇ ಮೇಣದಬತ್ತಿ ಹಚ್ತೀನಿ. ಇದು ಬೇಡ. ನಿನ್ನ ಕೈಯಿಂದ ಬೇಡ."

ಸತ್ತವರ ಗೋಧಿಯನ್ನು ಈ ಊರಿನಲ್ಲಿ ಯಾರೂ ಹಿಂದಕ್ಕೆ ಕೊಡುವುದಿಲ್ಲ. ಸ್ಟಾನಾ ಆ ಲೋಟ ಹಿಡಿದುಕೊಂಡೇ ಇಡೀ ಬೀದಿ ನಡೆದು ಬಂದಳು. ಎಲ್ಲರೂ ನೋಡಿದರು. ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮುಂದಿನ ಫೆಬ್ರವರಿಯಲ್ಲಿ ಅದೇ ಜಾಗದಲ್ಲಿ ಅವಳೇ ಗುಂಡಿ ತೋಡಿದಳು. ಲದ್ದಿ ತುಳಿದಳು. ಒಳ್ಳೆ ಗಾಜು ಕೊಡುತ್ತೇನೆ ಅಂತ ಪೆನ್ಯೋ ಬಂದ. ಬೇಡ ಅಂದಳು. ತಿರುಚಿದ ಮೆಣಸಿನ ಬೀಜಕ್ಕಾಗಿ ಸುತ್ತ ಏಳು ಊರು ಅಲೆದಿದ್ದಳು, ಸಿಕ್ಕಿರಲಿಲ್ಲ. ಮೂರು ಮನೆಯವರು ಬೀಜ ಕೊಟ್ಟರು. ವೆಲಿಕಜ್ಜಿಯ ಹತ್ತಿರ ಕೊಡಲು ಏನೂ ಇರಲಿಲ್ಲ. ಆಕೆ ಮೇಕೆ ಹೊಡೆದುಕೊಂಡು ಆ ದಾರಿಯಲ್ಲೇ ಹೋಗುತ್ತಾಳೆ. ಕೆಲವು ದಿನ ನಿಂತು ಒಳಗೆ ಇಣುಕುತ್ತಾಳೆ, ಮಾತಾಡುವುದಿಲ್ಲ.

ರಸ್ತೆಯ ಧೂಳು ದಿನವೂ ಗಾಜಿನ ಮೇಲೆ ಕೂರುತ್ತದೆ. ಬೆಳಗ್ಗೆ ಎದ್ದು, ಕಾಫಿಗೂ ಮೊದಲು, ಸ್ಟಾನಾ ಬಕೆಟ್ಟು ಬಟ್ಟೆ ಹಿಡಿದು ಬಂದು ನಾಲ್ಕೂ ಕಿಟಕಿ ಒರೆಸುತ್ತಾಳೆ, ಕಕ್ಕಸಿನದನ್ನು ಮೊದಲು.