ನಾನು ನುಂಗಿದ ‘ಒಟ್ಟಿಗೆ’

ಸುಮತಿ, ನಿನಗೆ ಮದ್ದು ಆಗುವುದಿಲ್ಲ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಅದು ನಿನ್ನ ಅಕ್ಕನಾದ ನಾನು ಹೇಳಿದ ಸುಳ್ಳು. ಪೂರ್ತಿ ಸುಳ್ಳೂ ಅಲ್ಲ — ಡಾಕ್ಟರ ಮಾತಿನಿಂದ ಒಂದು ಪದ ತೆಗೆದು, ಉಳಿದದ್ದನ್ನು ನಿನಗೆ ಕೊಟ್ಟೆ. ಆ ಒಂದು ಪದವಿಲ್ಲದೆ ನೀನು ಇಷ್ಟು ವರ್ಷ ನರಳಿದೆ.

ಮದುವೆಗೆ ಮುಂಚೆ, ಕಾಪುವಿನ ನಮ್ಮ ಮನೆಯಲ್ಲಿ ನೀನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದೆಯಲ್ಲ, ಆಗ ಅಪ್ಪನಿಗೆ ಕಡಲಿಗೆ ಹೋದರೂ ನಿನ್ನದೇ ಚಿಂತೆ. ಮಣಿಪಾಲದ ಮನಸ್ಸಿನ ಡಾಕ್ಟರ ಹತ್ತಿರ ನಿನ್ನನ್ನು ಕರೆದುಕೊಂಡು ಹೋದವಳು ನಾನೇ. ಅವರು ಕೊಟ್ಟ ಗುಳಿಗೆಯಿಂದ ನೀನು ಎದ್ದು ಕೂತೆ, ತಲೆ ಬಾಚಿಕೊಂಡೆ, ದೊಡ್ಡ ಬಂಗುಡೆ ಯಾರ ಬಟ್ಟಲಿಗೆ ಎಂದು ನನ್ನೊಡನೆ ಜಗಳಕ್ಕೂ ನಿಂತೆ. ಎಷ್ಟು ಖುಷಿಯಾಗಿತ್ತು ನನಗೆ! ತುರ್ತು ಪರಿಸ್ಥಿತಿ ಮುಗಿದ ಮರುವರ್ಷವಿರಬೇಕು, ಕಾರ್ಕಳದ ಸಂಬಂಧ ಕುದುರಿತು. ಆಗ ಆ ಗುಳಿಗೆಗೆ ನಾನು ಬೇರೆ ಹೆಸರಿಟ್ಟೆ — ರಕ್ತದ ಗುಳಿಗೆ. ಹುಡುಗಿಗೆ ರಕ್ತ ಸ್ವಲ್ಪ ಕಡಿಮೆ ಎಂದರೆ ಯಾರೂ ಮದುವೆ ಮುರಿಯುವುದಿಲ್ಲವಲ್ಲ. ದೊಡ್ಡ ಜಾಣೆ ನಾನು.

ಮದುವೆಯಾದ ವರ್ಷವೇ ನಿನಗೆ ಮತ್ತೆ ನಿದ್ದೆ ಹೋಯಿತು, ಊಟ ಸೇರದಾಯಿತು. ನಿನ್ನ ಅತ್ತೆ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಕಾರ್ಕಳ ಪೇಟೆಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ನಾನೂ ಬಂದಿದ್ದೆ. "ಬೇರೆ ಮದ್ದು ಎಂತಾದರೂ ತೆಗೆದುಕೊಳ್ಳುತ್ತಾ ಇದ್ದೀರಾ?" — ಅವರು ಕೇಳಿದರು, ಸುಮತಿ, ಸರಿಯಾಗಿಯೇ ಕೇಳಿದರು. ನೀನು ನನ್ನ ಮುಖ ನೋಡಿದೆ. ಅತ್ತೆ ಪಕ್ಕದಲ್ಲೇ ಕೂತಿದ್ದರು. "ರಕ್ತದ ಗುಳಿಗೆ ಉಂಟು, ಬೇರೆ ಎಂತ ಇಲ್ಲ" ಎಂದೆ.

ಅವರು ಕೊಟ್ಟದ್ದೂ ಮನಸ್ಸಿನ ಭಾರ ಇಳಿಸುವ ಗುಳಿಗೆಯೇ. ನೀನು ಎರಡನ್ನೂ ನುಂಗಿದೆ. ಸಂಜೆಯೊಳಗೆ ಮೈ ಕಾದ ಕಾವಲಿ, ಬಟ್ಟೆ ತೊಯ್ಯುವಷ್ಟು ಬೆವರು, ಕಾಲು ತನ್ನಷ್ಟಕ್ಕೇ ಅದುರುವುದು, ಬಾಯಿಗೆ ಬಂದಂತೆ ಮಾತು. ಬಾಡಿಗೆಯ ಅಂಬಾಸಿಡರಿನಲ್ಲಿ ಮಣಿಪಾಲಕ್ಕೆ ಹೋಗುವಾಗ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಆಗಲೂ ನಾನು — ಆಗಲೂ — ಅತ್ತೆಗೆ ಗೊತ್ತಾದರೆ ಏನು ಗತಿ ಎಂದೇ ಯೋಚಿಸುತ್ತಿದ್ದೆ.

ಆಸ್ಪತ್ರೆಯಲ್ಲಿ ನಿನ್ನ ಹಳೆಯ ಡಾಕ್ಟರನ್ನು ಬದಿಗೆ ಕರೆದು ಎಲ್ಲವನ್ನೂ ಪಿಸುಗುಟ್ಟಿದೆ. ಅವರು ಬೈಯಲಿಲ್ಲ. ಎರಡೂ ಗುಳಿಗೆ ನಿಲ್ಲಿಸಿ, ಮೈ ತಣ್ಣಗಾಗಿಸಿ, ನಿನ್ನನ್ನು ಉಳಿಸಿಕೊಟ್ಟರು. ಆಮೇಲೆ ನನ್ನನ್ನು ಕೂರಿಸಿ ಹೇಳಿದರು: "ನೋಡಿ, ಎರಡೂ ಒಳ್ಳೆಯ ಮದ್ದೇ. ಒಟ್ಟಿಗೆ ಆಗುವುದಿಲ್ಲ, ಅಷ್ಟೆ. ಒಂದನ್ನು ಬಿಟ್ಟು ಕೆಲವು ವಾರ ಕಳೆದ ಮೇಲೆಯೇ ಇನ್ನೊಂದು ಶುರು ಮಾಡಬೇಕು. ತಂಗಿಗೆ ಹೇಳಿ."

ಹೊರಗೆ ಬೆಂಚಿನ ಮೇಲೆ ಅತ್ತೆ ಕಾಯುತ್ತಿದ್ದರು. "ಡಾಕ್ಟ್ರು ಎಂತ ಹೇಳಿದರು?" ಎಂದರು. ‘ಒಟ್ಟಿಗೆ’ ಎಂದರೆ ಯಾವುದರ ಒಟ್ಟಿಗೆ ಎಂದು ಕೇಳಿಯಾರು —

"ಅವಳಿಗೆ ಮದ್ದು ಆಗುವುದಿಲ್ಲವಂತೆ" ಎಂದೆ.

ಕೆಲವರಿಗೆ ಸಿಗಡಿ ಆಗುವುದಿಲ್ಲ, ಸುಮತಿಗೆ ಮದ್ದು ಆಗುವುದಿಲ್ಲ. ಎರಡೂ ಮನೆಯಲ್ಲಿ ಅದೇ ಮಾತಾಯಿತು. ಎರಡು ಬಗೆ ಗುಳಿಗೆ ನುಂಗಿದ್ದು ನಿನಗೆ ಗೊತ್ತಿತ್ತು. ಆದರೆ ಡಾಕ್ಟರೇ ಹೇಳಿದ್ದಾರೆಂದು ಅಕ್ಕ ಹೇಳಿದ ಮೇಲೆ ನೀನು ಮತ್ತೇನು ಯೋಚಿಸುವೆ? ಅತ್ತೆ ಕಾರ್ಕಳದ ಆ ಡಾಕ್ಟರಿಗೆ ಕಂಡಕಂಡಲ್ಲಿ ಶಾಪ ಹಾಕಿದರು. ನಾನು ಕೇಳಿಸಿಕೊಂಡು ಸುಮ್ಮನೆ ಚಹಾ ಕುಡಿದೆ. ನಿನಗೊಬ್ಬಳಿಗಾದರೂ ಗುಟ್ಟಾಗಿ ಹೇಳಬಹುದಿತ್ತು. ನೀನು ಚೇತರಿಸಿಕೊಳ್ಳಲಿ ಎಂದೆ, ಬಾಣಂತನ ಮುಗಿಯಲಿ ಎಂದೆ, ಮತ್ತೆ — ಮತ್ತೆ ಯಾವ ಮುಖ ಇಟ್ಟುಕೊಂಡು ಹೇಳುವುದು ಎಂದಾಯಿತು. ನನಗೆ ನಾಚಿಕೆಯಾಗುತ್ತದೆ.

ಮೊನ್ನೆ ನಿನ್ನ ಮನೆಗೆ ಬಂದಾಗ ಗಂಜಿ ಉಕ್ಕಿ ಒಲೆ ಆರಿತ್ತು. ನೀನು ಅದರ ಮುಂದೆಯೇ ಕೂತಿದ್ದೆ. ನಿನ್ನ ಮಗಳು ಜಡೆಯನ್ನು ತಾನೇ ಸೊಟ್ಟಗೆ ಹೆಣೆದುಕೊಂಡು ಶಾಲೆಗೆ ಹೊರಟಿದ್ದಳು. "ಮಣಿಪಾಲಕ್ಕೆ ಹೋಗುವ ಮಾರಾಯ್ತಿ" ಎಂದೆ. ನೀನು ತಲೆ ಎತ್ತಲಿಲ್ಲ. "ನನಗೆ ಮದ್ದು ಆಗುವುದಿಲ್ಲ ಅಲ್ವಾ ಅಕ್ಕ? ನೀನೇ ಹೇಳಿದ್ದಲ್ವಾ?" ಎಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಉಡುಪಿ ತಲಪುವವರೆಗೂ ಅಳುತ್ತಲೇ ಇದ್ದೆ.

ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಇದಿಷ್ಟನ್ನೂ ನಿನ್ನೆದುರು, ನಿನ್ನ ಅತ್ತೆಯ ಎದುರು ಹೇಳುತ್ತೇನೆ. ಆ ಕಾರ್ಕಳದ ಡಾಕ್ಟರಿಗೂ ಹೇಳಬೇಕು. ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಬೈ, ಮಾತು ಬಿಡು. ಆದರೆ ಸೀರೆ ಉಟ್ಟು ನನ್ನೊಟ್ಟಿಗೆ ಹೊರಡು — ಮಾತು ಬಿಟ್ಟುಕೊಂಡೇ ಬಸ್ಸಿನಲ್ಲಿ ಪಕ್ಕಕ್ಕೆ ಕೂರು. ನಿನಗೆ ಮದ್ದು ಆಗುತ್ತದೆ, ಸುಮತಿ.