ಸಂಜೆ ತೆರೆಯದ ಪರದೆ

ಒಡೆಟಮ್ಮನ ಜೀವ ಉಳಿಸಿದವಳು ನಾನಲ್ಲ. ನಮ್ಮ ಬೀದಿಯವರೆಲ್ಲ ಮಾತ್ರ ನಾನೇ ಉಳಿಸಿದೆ ಎಂದು ಹೇಳುತ್ತಾರೆ. ಒಡೆಟಮ್ಮನೂ ಬಂದವರಿಗೆಲ್ಲ ಹಾಗೆಯೇ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ನಿಂತರೆ ಅದನ್ನು ವಿನಯ ಅಂದುಕೊಂಡರು — ವಿನಯವಂತೆ! ಅವರಿಗೆ ಏನೋ ಆಗಿದೆ ಎಂದು, ನಾನು ಓಡಿಹೋಗಿ ನೋಡಿದ ಹಿಂದಿನ ಸಂಜೆಯೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಹೋಗಲಿಲ್ಲ. ಹೋಗಲು ಎದ್ದ ನನ್ನ ಗಂಡನನ್ನೂ ಸುಳ್ಳು ಹೇಳಿ ಕೂರಿಸಿದೆ.

ಅವರ ಹೆಸರು ಒಡೆಟ್. ಮೈಸೂರಿನ ಮಂಡಿ ಮೊಹಲ್ಲಾದಿಂದ ಬಂದ ನನ್ನ ಬಾಯಲ್ಲಿ ಒಡೆಟಮ್ಮ ಆದರು. ಇಲ್ಲಿ ಅಮೆರಿಕದಲ್ಲಿ, ರೆಡ್ಮಂಡ್‌ನ ಎಜುಕೇಶನ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆ. ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಇಲ್ಲೇ ಹತ್ತಿರದ ಕೆಂಟ್‌ನ ವಿಮಾನದ ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದವರನ್ನು ಮದುವೆಯಾಗಿ ಇಲ್ಲಿಗೆ ಬಂದು, ಗಂಡ ಹೋದ ಮೇಲೂ ಇಲ್ಲೇ ಉಳಿದವರು. ನನ್ನ ಬಾಯಿ ಸ್ವಲ್ಪ ಜೋರು, ಅವರದೂ ಏನು ಕಡಿಮೆಯಿರಲಿಲ್ಲ, ಅದಕ್ಕೇ ನಮಗೆ ಕುದುರಿತು. ನಾನು ಪಲಾವ್ ಕಳಿಸಿದ ಡಬ್ಬಿ ಖಾಲಿ ವಾಪಸ್ ಬಂದದ್ದೇ ಇಲ್ಲ, ಪ್ಲಮ್ ಜಾಮ್ ತುಂಬಿ ಬರುತ್ತಿತ್ತು. ಅವರ ಮನೆಯ ಬೀಗದಕೈ ನಮ್ಮ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಬೇಸಿಗೆಯಲ್ಲಿ ಅವರದೊಂದು ಪದ್ಧತಿ. ಬಿಸಿಲೇರುವ ಮೊದಲೇ ಕಿಟಕಿಗಳನ್ನೆಲ್ಲ ಮುಚ್ಚಿ ದಪ್ಪ ನೀಲಿ ಪರದೆ ಎಳೆದುಬಿಡುವರು. ಹೊತ್ತು ಇಳಿಯುತ್ತಲೇ ಎಲ್ಲ ತೆರೆದು ಗಾಳಿ ಬಿಡುವರು. ಅವರ ಹಳ್ಳಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರಂತೆ. ನಮ್ಮ ಬೀದಿಯವರಿಗೆ ಅದು ವಿಚಿತ್ರ — ಹಗಲೆಲ್ಲ ಕತ್ತಲಲ್ಲಿ ಕೂರುತ್ತಾಳೆ ಮುದುಕಿ ಅನ್ನುತ್ತಿದ್ದರು. ಲಾವಂಚದ ತಟ್ಟಿ ಕಟ್ಟಿದ ಮನೆಯಲ್ಲಿ ಬೆಳೆದ ನನಗೆ ಅರ್ಥವಾಗುತ್ತಿತ್ತು. ಹಗಲು ಪರದೆ ಮುಚ್ಚಿದ್ದರೆ ಒಡೆಟಮ್ಮ ಚೆನ್ನಾಗಿದ್ದಾರೆ, ಸಂಜೆ ತೆರೆಯದಿದ್ದರೆ ಚೆನ್ನಾಗಿಲ್ಲ. ಇದು ಇಡೀ ಬೀದಿಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ಕೆಲವು ಬೇಸಿಗೆಗಳ ಹಿಂದಿನ ಮಾತು. ಇಲ್ಲಿ ಸುಡುತ್ತಿತ್ತು, ಫ್ರಾನ್ಸಿನಲ್ಲೂ ಸುಡುತ್ತಿತ್ತು. ಊರಿನಲ್ಲಿದ್ದ ಒಡೆಟಮ್ಮನ ತಮ್ಮ ಮಾರ್ಸೆಲ್ ದಿನಾ ಫೋನ್ ಮಾಡುತ್ತಿದ್ದ. ಬಾವಿ ತಳ ಕಂಡಿದೆ, ಮುದುಕರಿಗೆಂದು ಪಂಚಾಯಿತಿಯವರು ಹಾಲ್‌ನಲ್ಲಿ ಫ್ಯಾನ್ ಹಾಕಿದ್ದಾರೆ ಅನ್ನುವನು. ಆಮೇಲೊಂದು ಸಂಜೆ ಬಿರುಗಾಳಿ ಎದ್ದು ನಿಂಬೆಹಣ್ಣಿನಂಥ ಆಲಿಕಲ್ಲು ಬಿತ್ತು — ಹೆಂಚು ಒಡೆದವು, ಪ್ಲಮ್ ಗಿಡಗಳು ಬೋಳಾದವು. ಒಡೆಟಮ್ಮ ಕೂತಲ್ಲಿ ಕೂರಲಿಲ್ಲ. ಬೇಸಿಗೆ ಮುಗಿಯುತ್ತಲೇ ಊರಿಗೆ ಹೋಗಲು ಟಿಕೆಟ್ ಮಾಡಿಸಿದರು. ಇದರ ನಡುವೆ ಅಲ್ಲಿ ಚುನಾವಣೆ. ತಮ್ಮನಿಗೆ ಅದೇ ಚಿಂತೆ, ಅಕ್ಕನಿಗೂ ಅದೇ ಚಿಂತೆ. ಅವರ ದೇಶದಲ್ಲಿ ಒಬ್ಬರ ಓಟನ್ನು ಇನ್ನೊಬ್ಬ ನಂಬಿಕಸ್ಥರ ಕೈಯಿಂದ ಹಾಕಿಸಬಹುದು. ಅಕ್ಕನ ಓಟೂ ಮಾರ್ಸೆಲ್‌ನದೇ ಜವಾಬ್ದಾರಿ.

ಆ ಭಾನುವಾರ ನಾನು ಮಜ್ಜಿಗೆ ತೆಗೆದುಕೊಂಡು ಹೋದಾಗ ಅವರು ಆಗಷ್ಟೇ ಫೋನ್ ಇಟ್ಟಿದ್ದರು. ಮುಖ ಅರಳಿತ್ತು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಆದರೆ ಆ ಮಾತು ನನ್ನ ತಲೆಯಲ್ಲಿ ಕನ್ನಡದಲ್ಲೇ ಕೂತಿದೆ.

"ಮಾರ್ಸೆಲ್ ಎರಡೂ ಓಟು ಹಾಕಿ ಬಂದ."

"ಯಾರಿಗೆ?" ಅಂದೆ, ತಮಾಷೆಗೆ.

ಅವರು ಮುಚ್ಚಿಡದೆ ಹೇಳಿದರು. ತಲೆಗೆ ಬಟ್ಟೆ ಕಟ್ಟಿದವರನ್ನು ಊರಿನಿಂದಲೇ ಆಚೆ ಹಾಕಬೇಕು ಅನ್ನುವ ಪಕ್ಷ ಅದು. ನನ್ನ ಕೈ ತಾನಾಗಿ ಸ್ಕಾರ್ಫಿಗೆ ಹೋಯಿತು.

"ಅಯ್ಯೋ, ನೀನಲ್ಲ ನಸೀಮಾ! ನೀನು ಬೇರೆ. ಆ ಜನದ ಮಾತು ಹೇಳ್ತಿರೋದು ನಾನು."

ಆ ಜನ. ನಾನು ಮಜ್ಜಿಗೆ ಲೋಟ ಮೇಜಿನ ಮೇಲಿಟ್ಟು ಎದ್ದು ಬಂದೆ. ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ವರ್ಷ ಉಂಡ ಅನ್ನ, ತಿಂದ ಜಾಮ್ — ಎಲ್ಲ ಮಣ್ಣುಪಾಲು ಅನ್ನಿಸಿತು. ಆ ಕೋಪ ಸುಳ್ಳಲ್ಲ. ಇವತ್ತಿಗೂ ಪೂರ್ತಿ ಆರಿಲ್ಲ.

ಮರುದಿನ ಇನ್ನೂ ಹೆಚ್ಚು ಸೆಕೆ. ನಮ್ಮ ಏಸಿ ಬೆಳಗಿನಿಂದ ಗುಂಯ್‌ಗುಡುತ್ತಿತ್ತು. ಅವರ ಮನೆಯಲ್ಲಿ ಏಸಿ ಇಲ್ಲ. ಸೂರ್ಯ ಮುಳುಗಿದ. ನಾನು ಪಾತ್ರೆ ತೊಳೆಯುತ್ತ ಕಿಟಕಿಯಿಂದ ನೋಡಿದೆ — ನೀಲಿ ಪರದೆ ಮುಚ್ಚಿಯೇ ಇತ್ತು. ಇನ್ನೊಂದು ಪಾತ್ರೆ ತೊಳೆದೆ, ಮತ್ತೆ ನೋಡಿದೆ. ಏನೋ ಆಗಿದೆ ಎಂದು ಆಗಲೇ ಅರ್ಥವಾಯಿತು. ಅದನ್ನು ಇಲ್ಲ ಅನ್ನುವುದಿಲ್ಲ. ಬೀಗದಕೈ ಕಣ್ಣೆದುರಿಗೇ ಇತ್ತು. ಅವರೇ ಬಂದು ಮಾತಾಡಿಸಲಿ, ನಾನ್ಯಾಕೆ ಹೋಗಲಿ — ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ನನ್ನ ಗಂಡ ಇಮ್ರಾನ್ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದ. "ಒಡೆಟಮ್ಮ ಇವತ್ತು ಕಾಣ್ಲೇ ಇಲ್ವಲ್ಲ. ಹೋಗಿ ಚೆಕ್ ಮಾಡ್ಕೊಂಡ್ ಬರ್ತೀನಿ."

"ಬೇಡ," ಅಂದೆ. "ಈಗ್ತಾನೆ ಕಾಲ್ ಮಾಡಿದ್ದೆ. ಆರಾಮಾಗಿದಾರೆ."

ಅವನು ಚಪ್ಪಲಿ ಬಿಟ್ಟ.

ಬೆಳಗ್ಗೆಯೂ ಪರದೆ ಹಾಗೆಯೇ ಇತ್ತು. ಆಗ ಓಡಿದೆ. ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು, ತುಟಿ ಒಡೆದು ಬಿಳಿಚಿತ್ತು. ಹಿಂದಿನ ಮಧ್ಯಾಹ್ನವೇ ತಲೆ ಸುತ್ತಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆಂಬುಲೆನ್ಸ್ ಕರೆದೆ, ಒದ್ದೆ ಬಟ್ಟೆ ಹಾಕಿದೆ, ಕೈ ಹಿಡಿದು ಕೂತೆ. ಜನ ನೋಡಿದ್ದು ಇದನ್ನು ಮಾತ್ರ.

ಆಸ್ಪತ್ರೆಯಲ್ಲಿ ಮಾತು ಬಂದ ಮೇಲೆ ಒಡೆಟಮ್ಮ ಹೇಳಿದರು: "ನಿಮ್ಮ ಏಸಿ ಸದ್ದು ಇಡೀ ಹೊತ್ತು ಕೇಳಿಸ್ತಿತ್ತು. ನಸೀಮಾ ಹತ್ತಿರದಲ್ಲೇ ಇದ್ದಾಳೆ, ಬಂದೇ ಬರ್ತಾಳೆ ಅಂತ ಧೈರ್ಯ ಇತ್ತು."

ಮಾರ್ಸೆಲ್ ಫೋನಿನಲ್ಲಿ ಅತ್ತುಬಿಟ್ಟ. ಅವನ ಭಾಷೆ ನನಗೆ ತಿಳಿಯದು, ಮೆರ್ಸಿ, ಅಂದರೆ ಥ್ಯಾಂಕ್ಸ್, ಅನ್ನುವುದೊಂದು ತಿಳಿಯಿತು. ಇಡೀ ರಾತ್ರಿ ನೀರಿಲ್ಲದೆ ಬಿದ್ದಿದ್ದಕ್ಕೇ ಚೇತರಿಕೆ ಇಷ್ಟು ತಡ ಅಂದರು ಡಾಕ್ಟರು. ಒಡೆಟಮ್ಮನಿಗೆ ಊರಿಗೆ ಹೋಗಲಾಗಲಿಲ್ಲ. ವಾಕರ್ ಹಿಡಿದು ಬಾತ್‌ರೂಮಿಗೆ ಹೋಗುವುದೇ ದೊಡ್ಡದಾಯಿತು. ಆ ಚಳಿಗಾಲದಲ್ಲಿ ಮಾರ್ಸೆಲ್ ತೀರಿಕೊಂಡ. ಒಡೆಟಮ್ಮ ಅವನನ್ನು ಮಣ್ಣು ಮಾಡುವುದನ್ನು ಫೋನಿನ ಪರದೆಯಲ್ಲಿ ನೋಡಿದರು, ನನ್ನ ಭುಜಕ್ಕೆ ಒರಗಿ. ನನ್ನ ಭುಜಕ್ಕೆ! ಆಗ ಹೇಳಬೇಕಿತ್ತು. ಹೇಳಲಿಲ್ಲ — ಪಾಪ, ಈಗ ಬೇಡ ಅಂದುಕೊಂಡೆ. ಪಾಪ ಅಂದದ್ದು ಅವರಿಗಲ್ಲ, ನನಗೇ.

ಈ ಬೇಸಿಗೆ ಮತ್ತೆ ಕಾದಿದೆ. ಅವರ ಊರಿನಲ್ಲಿ ಮತ್ತೆ ಓಟಿನ ಮಾತು ಶುರುವಾಗಿದೆ. ಮೊನ್ನೆ ಹೊಸದಾಗಿ ಬಂದ ಪಕ್ಕದವರಿಗೆ ಒಡೆಟಮ್ಮ ನನ್ನನ್ನು ತೋರಿಸಿ, "ಇವಳಿಲ್ಲದಿದ್ದರೆ ನಾನಿಲ್ಲ" ಅಂದರು. ಸಾಕು ಅನ್ನಿಸಿತು. ಮೊದಲು ಇಮ್ರಾನ್‌ಗೆ ಹೇಳಿದೆ. "ನಾನು ಹೊರಟೇಬಿಟ್ಟಿದ್ನಲ್ಲೇ..." ಅಂದ.

ನಿನ್ನೆ ಸಂಜೆ ಅವರು ಪರದೆ ತೆರೆದ ಕೂಡಲೇ ಹೋದೆ. ನಿಂತುಕೊಂಡೇ ಹೇಳಿದೆ. "ಆ ಸಂಜೆ ಪರದೆ ತೆರೆದಿಲ್ಲ ಅನ್ನೋದು ನನಗೆ ಕಂಡಿತ್ತು. ಇಮ್ರಾನ್ ಬರ್ತೀನಿ ಅಂದ್ರೂ ನಾನೇ ಬಿಡಲಿಲ್ಲ."

ಒಡೆಟಮ್ಮ ಪರದೆಯ ಅಂಚು ಕೈಬಿಟ್ಟು ನನ್ನ ಕಡೆ ತಿರುಗಿದರು. "ಯಾಕೆ?"

ಓಟಿನ ಮಾತು ನಾಲಿಗೆಯ ತುದಿಗೆ ಬಂತು. ಆಡಿದ್ದರೆ ತಕ್ಕಡಿ ಸಮ ಮಾಡಲು ಹೊರಟಂತೆ ಆಗುತ್ತಿತ್ತು. "ಕೋಪಕ್ಕೆ," ಅಂದೆ, ಅಷ್ಟೇ.

"ಮಾರ್ಸೆಲ್‌ನ ನೋಡಬಹುದಿತ್ತು ನಾನು," ಅಂದರು. ಅಳಲಿಲ್ಲ, ಬೈಯಲಿಲ್ಲ. ಕೈ ಚಾಚಿದರು. "ಬೀಗದಕೈ ಕೊಡು."

ಮನೆಯಿಂದ ತಂದು ಕೊಟ್ಟು ಬಂದೆ.

ಇವತ್ತು ಬೆಳಗ್ಗೆ ನೀಲಿ ಪರದೆ ಎಂದಿನಂತೆ ಮುಚ್ಚಿತು. ನಮ್ಮ ಅಡುಗೆಮನೆಯ ಮೊಳೆ ಖಾಲಿ. ಅವರು ಕ್ಷಮಿಸಲಿ ಎಂದು ಕಾಯುತ್ತಿಲ್ಲ, ಕೇಳುವುದೂ ಇಲ್ಲ. ಆದರೆ ಹೊತ್ತು ಇಳಿಯುವಾಗ ಈ ಕಿಟಕಿಯಲ್ಲಿ ನಿಂತಿರುತ್ತೇನೆ — ಇವತ್ತು, ನಾಳೆ, ಅವರು ಇರುವಷ್ಟು ದಿನ. ನನ್ನ ಮುಖ ನೋಡದಿರಲಿ, ತಮಗೆ ಬೇಕಾದವರಿಗೆ ಓಟು ಹಾಕಲಿ. ಆ ಪರದೆ ತೆರೆಯದಿದ್ದರೆ ಬಾಗಿಲು ತಟ್ಟುತ್ತೇನೆ. ಬಾಗಿಲು ತೆಗೆಯದಿದ್ದರೆ ಗಾಜು ಒಡೆದು ಒಳಗೆ ಹೋಗುತ್ತೇನೆ.